11, 13, 14 ಇಂಚು: ದಿನಾ ರೈಲಲ್ಲಿ ಓಡಾಡುವವರಿಗೆ ಯಾವ ಲ್ಯಾಪ್‌ಟಾಪ್ ಸರಿ?

ತುಮಕೂರು_ಪ್ಯಾಸೆಂಜರ್ | ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ಪರಿಸ್ಥಿತಿ ಪೂರ್ತಿ ಹೇಳದಿದ್ದರೆ ಸರಿಯಾದ ಉತ್ತರ ಸಿಗುವುದಿಲ್ಲ ಅಂತ.

ನಾನು ತುಮಕೂರಿನವಳು. ಯಶವಂತಪುರದ ಹತ್ತಿರ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹೋಗುವಾಗ ಒಂದೂವರೆ ಗಂಟೆ, ಬರುವಾಗ ಒಂದೂವರೆ ಗಂಟೆ ರೈಲು. ಪಿಎಚ್‌ಡಿ ಕೆಲಸವೂ ನಡೆಯುತ್ತಿದೆ, ಒಂದು ಓಲೆಗರಿ ಕಟ್ಟಿನ ಪಾಠ ಸಂಪಾದನೆ, ಅಂದರೆ ಗರಿಯಲ್ಲಿರುವುದನ್ನು ಓದಿ, ತಿದ್ದಿ, ಅಚ್ಚಿಗೆ ಸಿದ್ಧಮಾಡುವುದು. ಮನೆಗೆ ಬಂದರೆ ಮಕ್ಕಳ ಹೋಮ್‌ವರ್ಕು, ಅಡುಗೆ, ಅತ್ತೆಯವರ ಮಾತ್ರೆ. ಹಾಗಾಗಿ ರೈಲಿನ ಆ ಮೂರು ಗಂಟೆಯೇ ನನ್ನ ಸಂಶೋಧನೆಯ ಸಮಯ.

ಈಗಿರುವುದು 15.6 ಇಂಚಿನದು. ಲ್ಯಾಪ್‌ಟಾಪ್ ಒಂದೇ 2.2 ಕಿಲೋ, ಚಾರ್ಜರ್ ಇಟ್ಟಿಗೆ ಹತ್ತತ್ತಿರ ಅರ್ಧ ಕಿಲೋ. ಮೇಲೆ ಟಿಫಿನ್, ನೀರು, ಉತ್ತರ ಪತ್ರಿಕೆಗಳ ಕಟ್ಟು. ಬಲಭುಜ ಆರು ತಿಂಗಳಿಂದ ನೋಯುತ್ತಿದೆ. "ಈ ಬ್ಯಾಗ್ ಬಿಟ್ಟರೆ ಅರ್ಧ ವಾಸಿಯಾಗುತ್ತೆ" ಅಂದರು ಡಾಕ್ಟರ್.

ಬಜೆಟ್ 60 ಸಾವಿರ, ಅದಕ್ಕಿಂತ ಮೇಲೆ ಹೋಗಲಾರೆ. ನೋಡಿರುವುದು ಮೂರು ಅಳತೆ: 11.6, 13.3, 14. ಭುಜದ ಮಾತು ಕೇಳಿದರೆ 11.6 ಅನ್ನಿಸುತ್ತೆ. ಆದರೆ ಓಲೆಗರಿಯ ಸ್ಕ್ಯಾನ್ ನೋಡಿಕೊಂಡೇ ಟೈಪ್ ಮಾಡಬೇಕು, ಎರಡೂ ಒಟ್ಟಿಗೆ ತೆರೆದಿರಬೇಕು. ಅಷ್ಟು ಚಿಕ್ಕದರಲ್ಲಿ ಆಗುತ್ತಾ? ಬಳಸಿದವರು ದಯವಿಟ್ಟು ಹೇಳಿ.


ಶಿರಸಿ_ವರದಿ | ಭಾನುವಾರ, ರಾತ್ರಿ 10:15

ಮೇಡಂ, ನಾನು ನಾಲ್ಕು ವರ್ಷದಿಂದ 11.6 ಇಂಚಿನದನ್ನೇ ಬಳಸ್ತಾ ಇದ್ದೇನೆ. ಪತ್ರಿಕೆಗೆ ವರದಿ ಬರೆಯೋದು ಕೆಲಸ. ಬೈಕಿನ ಸೈಡ್ ಬ್ಯಾಗಿಗೆ ಹಾಕಿಕೊಂಡು ಕುಮಟಾ ಘಟ್ಟ ಇಳಿದು ಹತ್ತಿದ್ದಕ್ಕೆ ಲೆಕ್ಕವೇ ಇಲ್ಲ. ಬಸ್ಸಲ್ಲಿ ಮುಂದಿನ ಸೀಟಿನವರು ಸೀಟು ಹಿಂದಕ್ಕೆ ಬಾಗಿಸಿದರೂ ಪರದೆಗೆ ತಾಗೋದಿಲ್ಲ, ಅಷ್ಟು ಗಿಡ್ಡ. ಬರೀ ಬರೆಯೋ ಕೆಲಸ ಆದರೆ ಇದಕ್ಕಿಂತ ಸುಖ ಬೇರೆ ಇಲ್ಲ.

ಆದರೆ ಎರಡು ಕಿಟಕಿ ತೆರೆದು ಕೆಲಸ ಮಾಡಬೇಕು ಅಂದ್ರಲ್ಲ, ಅಲ್ಲಿ ನಾನು ಸುಳ್ಳು ಹೇಳೋದಿಲ್ಲ, ಕಷ್ಟ. ನಾನು ಪತ್ರಿಕಾ ಪ್ರಕಟಣೆಯ ಪಿಡಿಎಫ್ ನೋಡಬೇಕಾದಾಗ ಅದನ್ನು ಮೊಬೈಲಲ್ಲಿ ತೆರೆದು, ಮೊಬೈಲನ್ನು ಪರದೆಗೆ ಒರಗಿಸಿ ಇಟ್ಟುಕೊಳ್ತೇನೆ.


ಧಾರವಾಡ_ಪೇಢೆ | ಭಾನುವಾರ, ರಾತ್ರಿ 10:32

ಮೇಡಂ, 14 ಇಂಚು ತಗೊಂಡ್ಬಿಡ್ರಿ, ಭಾಳ ವಿಚಾರ ಮಾಡಬ್ಯಾಡ್ರಿ. ಈಗಿನ 14 ಇಂಚಿನವು ಹಳೆ 13 ಇಂಚಿನವುಕ್ಕಿಂತ ಸಣ್ಣ ಅದಾವ, ಪರದೆ ಸುತ್ತ ಇರೋ ಅಂಚು ತೆಳ್ಳಗ ಆಗೇತಿ. 1.4 ಕಿಲೋ ಒಳಗ ಬೇಕಾದಷ್ಟು ಸಿಗ್ತಾವ. ನಿಮ್ಮ ಬಜೆಟ್ಟಿನಾಗ ಹೆಚ್ಚಿಗಿ ಆಯ್ಕೆ ಇರೋದೂ 14ರಾಗ. ಮತ್ತೊಂದು ಮಾತು, 14ರಾಗ ಭಾಳ ಮಾಡೆಲ್‌ಗಳಿಗೆ ರ‍್ಯಾಮ್ (ಕಂಪ್ಯೂಟರ್ ಕೆಲಸ ಮಾಡುವಾಗ ಬಳಸೋ ಮೆಮೊರಿ) ಹಾಕಾಕ ಒಂದರೆ ಸ್ಲಾಟ್ ಇರ್ತೇತಿ. ತೀರಾ ಸಣ್ಣವುದರಾಗ ರ‍್ಯಾಮ್ ಬೋರ್ಡಿಗೇ ಬೆಸುಗಿ ಹಾಕಿರ್ತಾರ, ಕೊಂಡಾಗ ಎಷ್ಟು ಇತ್ತೋ ಕಡೀತನಕ ಅಷ್ಟ.


ಅಕ್ಷರಜೋಡಣೆ | ಸೋಮವಾರ, ಬೆಳಿಗ್ಗೆ 6:50

ನಾನು ಇಪ್ಪತ್ತೆರಡು ವರ್ಷದಿಂದ ಮೈಸೂರಿನಲ್ಲಿ ಡಿಟಿಪಿ ಮಾಡುತ್ತಿರುವವನು. ಪುಟ ಕಟ್ಟುವವನ ಕಣ್ಣಿಂದ ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಅಂಗಡಿಯವರು ಇದನ್ನು ಹೇಳುವುದೇ ಇಲ್ಲ.

ಇಂಚು ಅಂತ ಬರೆದಿರುವುದು ಪರದೆಯ ಮೂಲೆಯಿಂದ ಮೂಲೆಗೆ ಇರುವ ಓರೆ ಅಳತೆ. ನಮಗೆ ಓದಲು ಬರೆಯಲು ಬೇಕಾದದ್ದು ಅಗಲ ಮತ್ತು ಎತ್ತರ. ಅದು ಪರದೆಯ ಆಕಾರದ ಮೇಲೆ ನಿಂತಿದೆ. 16ಕ್ಕೆ 9 ಅನ್ನುವುದು ಸಿನಿಮಾ ನೋಡುವ ಆಕಾರ, ಅಗಲ ಜಾಸ್ತಿ, ಎತ್ತರ ಕಡಿಮೆ. 16ಕ್ಕೆ 10 ಸ್ವಲ್ಪ ಎತ್ತರ. 3ಕ್ಕೆ 2 ಇನ್ನೂ ಎತ್ತರ, ಪುಸ್ತಕದ ಪುಟಕ್ಕೆ ಹತ್ತಿರ.

ರಾತ್ರಿ ಕೂತು ಸೆಂಟಿಮೀಟರಿನಲ್ಲಿ ಲೆಕ್ಕ ಹಾಕಿದೆ. 11.6 ಇಂಚು, 16:9 ಆದರೆ ಪರದೆ 25.7 ಅಗಲ, 14.4 ಎತ್ತರ. 14 ಇಂಚು 16:9 ಆದರೆ 31 ಅಗಲ, 17.4 ಎತ್ತರ. ಈಗ ಗಮನಿಸಿ: 13.3 ಇಂಚು 16:10 ಆದರೆ ಅಗಲ 28.6, ಎತ್ತರ 17.9. ಅಂದರೆ ಹೆಸರಿಗೆ ಚಿಕ್ಕದಾದ 13.3, ದೊಡ್ಡದಾದ 14ಕ್ಕಿಂತ ಅರ್ಧ ಸೆಂಟಿಮೀಟರ್ ಎತ್ತರ! 12.4 ಇಂಚಿನ 3:2 ಪರದೆ ಕೂಡ 17.5 ಎತ್ತರ ಕೊಡುತ್ತೆ. 14 ಇಂಚು 16:10 ಆದರೆ 18.8, 13.5 ಇಂಚು 3:2 ಆದರೆ 19.

ಮೇಡಂ, ನಿಮ್ಮ ಓಲೆಗರಿಯ ಅಳತೆ ಎಷ್ಟು? ಅದು ತಿಳಿದರೆ ಇನ್ನೂ ಖಚಿತವಾಗಿ ಹೇಳಬಹುದು.


ತುಮಕೂರು_ಪ್ಯಾಸೆಂಜರ್ | ಸೋಮವಾರ, ಬೆಳಿಗ್ಗೆ 8:05

ಸರ್, ರೈಲಿನಿಂದಲೇ ಬರೆಯುತ್ತಿದ್ದೇನೆ, ಈಗ ತಾನೇ ಕ್ಯಾತ್ಸಂದ್ರ ದಾಟಿತು. ಗರಿ ಸುಮಾರು 45 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ. ಒಂದು ಬದಿಗೆ ಆರರಿಂದ ಏಳು ಸಾಲು. ಅಕ್ಷರ ಸಣ್ಣ, ಕೆಲವು ಕಡೆ ಮಸಿ ಅಳಿಸಿದೆ, ದೊಡ್ಡದು ಮಾಡಿಯೇ ನೋಡಬೇಕು. ಇಲ್ಲಿಯತನಕ ಎಡಕ್ಕೆ ಗರಿ, ಬಲಕ್ಕೆ ವರ್ಡ್ ಇಟ್ಟುಕೊಂಡು ಮಾಡುತ್ತಿದ್ದೆ.


ಅಕ್ಷರಜೋಡಣೆ | ಸೋಮವಾರ, ಬೆಳಿಗ್ಗೆ 11:20

ಅಲ್ಲೇ ಇರುವುದು ತೊಂದರೆ ಮೇಡಂ. ಉದ್ದನೆಯ ಗರಿಯನ್ನು ಅರ್ಧ ಅಗಲದ ಕಿಟಕಿಗೆ ತುರುಕಿದರೆ ಎಷ್ಟು ಇಂಚಿನ ಪರದೆಯೂ ಸಾಲದು. ಎಡ-ಬಲ ಬಿಡಿ, ಮೇಲೆ-ಕೆಳಗೆ ಮಾಡಿ. ಮೇಲೆ ಪಟ್ಟಿಯ ಹಾಗೆ ಗರಿ, ಕೆಳಗೆ ಟೈಪಿಂಗ್. ವಿಂಡೋಸ್ 11ರಲ್ಲಿ ವಿಂಡೋಸ್ ಕೀಲಿ ಮತ್ತು ಆಲ್ಟ್ ಒಟ್ಟಿಗೆ ಹಿಡಿದು ಮೇಲಿನ ಬಾಣ ಒತ್ತಿದರೆ ಕಿಟಕಿ ಮೇಲಿನ ಅರ್ಧಕ್ಕೆ ಕೂರುತ್ತೆ, ಕೆಳಗಿನ ಬಾಣ ಒತ್ತಿದರೆ ಕೆಳಗಿನ ಅರ್ಧಕ್ಕೆ. ಆಮೇಲೆ ನಡುವಿನ ಗೆರೆ ಎಳೆದು ಬೇಕಾದಷ್ಟು ಮಾಡಿಕೊಳ್ಳಿ.

ಒಂದು ಸಲಕ್ಕೆ ಅರ್ಧ ಗರಿ, ಅಂದರೆ 22.5 ಸೆಂ.ಮೀ., ಪರದೆಯ ಪೂರ್ತಿ ಅಗಲಕ್ಕೆ ಹಿಗ್ಗಿಸಿದಿರಿ ಅಂದುಕೊಳ್ಳೋಣ. 13.3ರ 16:10 ಪರದೆಯಲ್ಲಿ ಗರಿ ನಿಜಗಾತ್ರಕ್ಕಿಂತ ಕಾಲು ಪಾಲು ದೊಡ್ಡದಾಗಿ ಕಾಣುತ್ತೆ, 5.1 ಸೆಂ.ಮೀ. ಎತ್ತರ ತಿನ್ನುತ್ತೆ. ಮೆನು, ಟಾಸ್ಕ್‌ಬಾರ್ ಎಲ್ಲ ಸೇರಿ 3 ಸೆಂ.ಮೀ. ಹೋಯಿತು ಅನ್ನಿ. ಉಳಿದದ್ದು 9.8. ಕನ್ನಡದ ಒಂದು ಸಾಲಿಗೆ 0.8 ಸೆಂ.ಮೀ. ಹಿಡಿದರೆ 12 ಸಾಲು. ಇದೇ ಲೆಕ್ಕ 11.6ಕ್ಕೆ 8 ಸಾಲು. 14ರ 16:9ಕ್ಕೆ 11 ಸಾಲು. 14ರ 16:10ಕ್ಕೆ 13.

ಸಾಲಿಗೆ 0.8 ಯಾಕೆ ಹಿಡಿದೆ ಅಂತ ಕೇಳಬಹುದು. ಇಂಗ್ಲಿಷಿನವರು ಇಷ್ಟು ಬಿಡುವುದಿಲ್ಲ. ನಮ್ಮಲ್ಲಿ "ಸ್ತ್ರೀ", "ರಾಷ್ಟ್ರ", "ಶಾಸ್ತ್ರಕ್ಕೆ" ಬರೆದಾಗ ಒತ್ತಕ್ಷರ ಕೆಳಗಿಳಿಯುತ್ತೆ, ಒತ್ತಿನ ಕೆಳಗೆ ಇನ್ನೊಂದು ಒತ್ತು. ಮೇಲೆ ಗುಡಿಸು. ಸಾಲಿನ ಅಂತರ ಒಂದೂವರೆ ಕೊಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತೆ. ಹಾಗಾಗಿ ಕನ್ನಡದಲ್ಲಿ ಬರೆಯುವವರು ಲ್ಯಾಪ್‌ಟಾಪ್ ಆರಿಸುವಾಗ ಎತ್ತರಕ್ಕೆ ಎಲ್ಲರಿಗಿಂತ ಹೆಚ್ಚು ಬೆಲೆ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.


ಧಾರವಾಡ_ಪೇಢೆ | ಸೋಮವಾರ, ಮಧ್ಯಾಹ್ನ 1:10

ಸರ, ಇಷ್ಟು ಚಂದ ಬಿಡಿಸಿ ಹೇಳಿದ್ರಿ, ಶರಣು. ನನ್ನ ಮಾತು ತಿದ್ದಿಕೊಳ್ತೀನಿ: 14 ತಗೊಂಡ್ರ 16:10 ಇರೋದನ್ನ ತಗೋರಿ. 1920 x 1080 ಅಂತಿದ್ರ ಅದು 16:9. 1920 x 1200 ಅಂತಿದ್ರ 16:10. ಡಬ್ಬಿ ಮ್ಯಾಲೆ ಇದನ್ನ ನೋಡಿದ್ರ ಸಾಕು.


ಹಳೇಕಾಲದ_ನೆಟ್‌ಬುಕ್ | ಸೋಮವಾರ, ಸಂಜೆ 6:25

ಈ ಚರ್ಚೆ ನೋಡಿ 2008 ನೆನಪಾಯಿತು. ಆಗ ನಾವು ಕೇಳುತ್ತಿದ್ದುದು 7 ಇಂಚೋ, 9 ಇಂಚೋ, 10 ಇಂಚೋ ಅಂತ. 2007ರ ಕೊನೆಯಲ್ಲಿ ಆಸುಸ್‌ನವರು ಈಈ ಪಿಸಿ 701 ತಂದರು. 7 ಇಂಚಿನ ಪರದೆ, 800 x 480 ಚುಕ್ಕಿ, 512 ಎಂಬಿ ರ‍್ಯಾಮ್, ಒಂದು ಕಿಲೋಗಿಂತ ಕಡಿಮೆ ತೂಕ. ಅದರ ಹಿಂದೆಯೇ 8.9 ಇಂಚಿನವು, ಆಮೇಲೆ 10 ಇಂಚಿನವು. ಒಂದೇ ವರ್ಷದಲ್ಲಿ ಹತ್ತಾರು ಕಂಪನಿಗಳು ಆಟಮ್ ಚಿಪ್ ಹಾಕಿ ಪುಟ್ಟ ಲ್ಯಾಪ್‌ಟಾಪ್ ಮಾಡತೊಡಗಿದವು, ಹೆಚ್ಚಿನವಕ್ಕೆ 1024 x 600 ಪರದೆ. ನೆಟ್‌ಬುಕ್ ಅಂತ ಹೆಸರಾಯಿತು. 2010ರಲ್ಲಿ ಐಪ್ಯಾಡ್ ಬಂದ ಮೇಲೆ ನಿಧಾನಕ್ಕೆ ಕಣ್ಮರೆಯಾದವು.

ನನ್ನ ಹತ್ತಿರ ಇದ್ದದ್ದು ಬೇರೆ ಕಂಪನಿಯ 8.9 ಇಂಚಿನದು. ಅದರಲ್ಲಿ ಕನ್ನಡ ಟೈಪ್ ಮಾಡಲು ಪಟ್ಟ ಪಾಡು ಹೇಳಬೇಕು. ಕೀಲಿಗಳು ಚಿಕ್ಕವು, ಅದು ಹೋಗಲಿ. ಬಲಗಡೆಯ ಶಿಫ್ಟ್ ಅನ್ನು ಗೋಡಂಬಿಯಷ್ಟು ಮಾಡಿ ಮೂಲೆಗೆ ತಳ್ಳಿದ್ದರು. ಇಂಗ್ಲಿಷ್ ಬರೆಯುವವರಿಗೆ ಶಿಫ್ಟ್ ವಾಕ್ಯಕ್ಕೊಮ್ಮೆ ಬೇಕು. ನಮ್ಮ 'ನುಡಿ' ಕೀಲಿಮಣೆ ವಿನ್ಯಾಸದಲ್ಲಿ ಮಹಾಪ್ರಾಣಕ್ಕೆ ಶಿಫ್ಟ್, ದೀರ್ಘಕ್ಕೆ ಶಿಫ್ಟ್, ಣಕಾರಕ್ಕೆ ಶಿಫ್ಟ್, ಳಕಾರಕ್ಕೆ ಶಿಫ್ಟ್. ಪದಕ್ಕೆರಡು ಸಲ ಆ ಗೋಡಂಬಿ ಹುಡುಕಬೇಕಿತ್ತು. ಒಂದು ವರ್ಷದಲ್ಲಿ ಕಿರುಬೆರಳು ನೋವು ಬಂತು.

ಆದ್ದರಿಂದ ಮೇಡಂ, ಅಂಗಡಿಗೆ ಹೋದಾಗ ಪರದೆ ನೋಡುವ ಮೊದಲು ಎರಡೂ ಶಿಫ್ಟ್ ಮೇಲೆ ಬೆರಳಿಟ್ಟು ನೋಡಿ. ಕೀಲಿಯ ನಡುವಿನಿಂದ ಪಕ್ಕದ ಕೀಲಿಯ ನಡುವಿಗೆ 19 ಮಿಲಿಮೀಟರ್ ಇದ್ದರೆ ಪೂರ್ಣ ಗಾತ್ರದ ಕೀಲಿಮಣೆ. 13 ಇಂಚಿನಿಂದ ಮೇಲಕ್ಕೆ ಸಾಮಾನ್ಯವಾಗಿ ಅಷ್ಟಕ್ಕೆ ಜಾಗ ಸಿಗುತ್ತೆ. ಅದಕ್ಕಿಂತ ಕೆಳಗೆ ಹೋದರೆ ಎಲ್ಲಾದರೂ ಕಚ್ಚಿರುತ್ತಾರೆ, ಹೆಚ್ಚಾಗಿ ಬಲಗಡೆಯ ಕೀಲಿಗಳಲ್ಲಿ.


ಮ್ಯೂನಿಕ್‌ನಿಂದ | ಸೋಮವಾರ, ರಾತ್ರಿ 11:50

ಕೀಲಿಮಣೆಯ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. ವಿದೇಶದಲ್ಲಿರುವ ತಮ್ಮನೋ ಮಗನೋ ತರುತ್ತಾನೆ ಅಂತ ಕೊಳ್ಳುವವರು ಇದನ್ನು ಗಮನಿಸಿ. ಇಲ್ಲಿ ಜರ್ಮನಿಯ ಕೀಲಿಮಣೆಯಲ್ಲಿ ವೈ ಮತ್ತು ಝಡ್ ಅದಲು ಬದಲು. ಎಂಟರ್ ಕೀಲಿಯ ಆಕಾರವೇ ಬೇರೆ, ಎಡಗಡೆಯ ಶಿಫ್ಟ್ ಗಿಡ್ಡ, ಅದರ ಪಕ್ಕ ಇನ್ನೊಂದು ಕೀಲಿ. ಅಮ್ಮನಿಗೆ ಅಂತ ಒಂದು ತಂದುಕೊಟ್ಟೆ. ಪಾಪ, ಅವರು "ಯ" ಒತ್ತಿದರೆ ಬೇರೆ ಏನೋ ಬರುತ್ತಿತ್ತು. ಸೆಟ್ಟಿಂಗಿನಲ್ಲಿ ಬದಲಾಯಿಸಿಕೊಟ್ಟೆ, ಆದರೆ ಕೀಲಿಯ ಮೇಲೆ ಅಚ್ಚಾಗಿರುವುದು ಬದಲಾಗುವುದಿಲ್ಲವಲ್ಲ.


ಎಸ್‌ಪಿ_ರೋಡ್ | ಮಂಗಳವಾರ, ಬೆಳಿಗ್ಗೆ 10:30

ಅಕ್ಕಾ, ನಾನು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡೋನು. ಮಾರೋನಲ್ಲ, ಅದಕ್ಕೇ ಧೈರ್ಯವಾಗಿ ಹೇಳ್ತೀನಿ. ನೀವು ಕೇಳ್ತಿರೋ ಅಳತೆಗೆ, ಅಂದ್ರೆ 13.3 ಇಂಚು 16:10, ಹೊಸದು 60 ಸಾವಿರಕ್ಕೆ ಹುಡುಕೋದಕ್ಕಿಂತ ಆಫೀಸುಗಳಿಂದ ವಾಪಸ್ ಬಂದಿರೋ ಸೆಕೆಂಡ್ ಹ್ಯಾಂಡ್ ನೋಡಿ. ಐಟಿ ಕಂಪನಿಗಳು ಮೂರು ನಾಲ್ಕು ವರ್ಷಕ್ಕೆ ಲಾಟ್ ಲಾಟ್ ಬದಲಾಯಿಸ್ತಾರೆ. ಬಾಡಿ ಗಟ್ಟಿ, ಕೀಬೋರ್ಡ್ ಚೆನ್ನಾಗಿರುತ್ತೆ.

ನೋಡಬೇಕಾದ್ದು ಹೇಳ್ತೀನಿ. ಪ್ರೊಸೆಸರ್ ಇಂಟೆಲ್ ಆದ್ರೆ 8ನೇ ಜನರೇಷನ್ ಇಲ್ಲಾ ಅದಕ್ಕಿಂತ ಮೇಲೆ ಇರಬೇಕು. ಅದಕ್ಕಿಂತ ಹಳೇದಾದ್ರೆ ವಿಂಡೋಸ್ 11 ನೆಟ್ಟಗೆ ಹಾಕೋಕಾಗಲ್ಲ, ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹಳೇ ಪುಟಾಣಿ ನೆಟ್‌ಬುಕ್ ಇಟ್ಕೊಂಡಿರೋರಿಗೂ ಒಂದು ಮಾತು: ವಿಂಡೋಸ್ 11ಕ್ಕೆ ಪರದೆ 9 ಇಂಚಿಗಿಂತ ದೊಡ್ಡದಿರಬೇಕು ಅಂತ ಮೈಕ್ರೋಸಾಫ್ಟ್ ನಿಯಮದಲ್ಲೇ ಇದೆ.

ರ‍್ಯಾಮ್ 16 ಜಿಬಿ ಇರೋದನ್ನೇ ತಗೊಳ್ಳಿ, ಯಾಕಂದ್ರೆ ಧಾರವಾಡದ ಅಣ್ಣ ಹೇಳಿದಂಗೆ ಸಣ್ಣದರಲ್ಲಿ ಆಮೇಲೆ ಹಾಕೋಕಾಗಲ್ಲ. ಎಸ್‌ಎಸ್‌ಡಿ (ಫೈಲು ಉಳಿಸೋ ಡಿಸ್ಕ್) ಮಾತ್ರ ಹೆಚ್ಚಿನವುದರಲ್ಲಿ ಬದಲಾಯಿಸಬಹುದು. ಹಿಂಜ್ ನೋಡಿ: ಮುಚ್ಚಳ ಒಂದೇ ಕೈಯಲ್ಲಿ ಎತ್ತಿ, ಅರ್ಧಕ್ಕೆ ಬಿಟ್ರೆ ಅಲ್ಲೇ ನಿಲ್ಲಬೇಕು, ಕುಸೀಬಾರ್ದು. ರೈಲಿನ ಕುಲುಕಾಟಕ್ಕೆ ಸಡಿಲ ಹಿಂಜ್ ಆಗಲ್ಲ.

ಬ್ಯಾಟರಿ ಪರೀಕ್ಷೆ ಅಂಗಡಿಯಲ್ಲೇ ಮಾಡಿಸಿ. ಕಮಾಂಡ್ ಪ್ರಾಂಪ್ಟ್ ತೆರೆಸಿ ಬ್ಯಾಟರಿ ರಿಪೋರ್ಟ್ ತೆಗೆಸಿದ್ರೆ ಎರಡು ಅಂಕಿ ಬರುತ್ತೆ, ಹೊಸದಿದ್ದಾಗ ಎಷ್ಟು ಹಿಡೀತಿತ್ತು, ಈಗ ಎಷ್ಟು ಹಿಡಿಯುತ್ತೆ. ನೂರಕ್ಕೆ ಎಂಬತ್ತಕ್ಕಿಂತ ಕಡಿಮೆ ಇದ್ರೆ ಹೊಸ ಬ್ಯಾಟರಿ ಹಾಕಿಕೊಡಿ ಅಂತ ಕೇಳಿ, ಇಲ್ಲಾ ರೇಟು ಇಳಿಸಿ ಅನ್ನಿ.


ಚಾಳೀಸು_ಬಂದವರು | ಮಂಗಳವಾರ, ಮಧ್ಯಾಹ್ನ 3:45

ಕಣ್ಣಿನ ಮಾತು ಯಾರೂ ಎತ್ತಲಿಲ್ಲ. ನನಗೆ ಐವತ್ಮೂರು. ಚಿಕ್ಕ ಪರದೆಯಲ್ಲಿ ಚುಕ್ಕಿಗಳು ಒತ್ತೊತ್ತಾಗಿ ಕೂತರೆ ಅಕ್ಷರ ಚೂಪಾಗಿ ಕಾಣುತ್ತೆ, ಆದರೆ ಪುಟ್ಟದಾಗಿ ಕಾಣುತ್ತೆ. 13.3 ಇಂಚಿನಲ್ಲಿ 1920 x 1200 ಅಂದರೆ ಇಂಚಿಗೆ 170 ಚುಕ್ಕಿ. 11.6ರ ಹಳೇ 1366 x 768 ಪರದೆಯಲ್ಲಿ 135. ಹಾಗಾಗಿ 13.3ರಲ್ಲಿ ಅಕ್ಷರದ ಗಾತ್ರವನ್ನು ನೂರೈವತ್ತು ಪ್ರತಿಶತಕ್ಕೆ ಏರಿಸಿಕೊಳ್ಳಬೇಕಾಗುತ್ತೆ. ಏರಿಸಿದ ಮೇಲೆ ಮೆನುಗಳೂ ದಪ್ಪಗಾಗಿ ಜಾಗ ತಿನ್ನುತ್ತವೆ. ಅಕ್ಷರಜೋಡಣೆಯವರ 12 ಸಾಲಿನ ಲೆಕ್ಕ ಸರಿಯೇ, ಆದರೆ ಮೇಡಂ ಕಣ್ಣಿಗೆ 0.8 ಸೆಂ.ಮೀ. ಸಾಲು ಸಾಕಾ ಅಂತ ಮೊದಲು ನೋಡಿಕೊಳ್ಳಲಿ. ಚಲಿಸುವ ರೈಲಿನಲ್ಲಿ ಮೇಜಿನ ಮೇಲಿನದಕ್ಕಿಂತ ಒಂದು ಗಾತ್ರ ದೊಡ್ಡ ಅಕ್ಷರ ಬೇಕು.

ಇನ್ನೊಂದು: ಲ್ಯಾಪ್‌ಟಾಪ್ ಚಿಕ್ಕದಾದಷ್ಟೂ ಪರದೆ ತೊಡೆಗೆ ಹತ್ತಿರ, ಕಣ್ಣಿಗೆ ದೂರ. ಕತ್ತು ಬಗ್ಗುತ್ತೆ. ಭುಜ ನೋವು ಇರುವವರು ಕತ್ತನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಾನು ರೈಲಲ್ಲಿ ಬ್ಯಾಗನ್ನೇ ತೊಡೆ ಮೇಲೆ ನಿಲ್ಲಿಸಿ ಅದರ ಮೇಲೆ ಇಟ್ಟುಕೊಳ್ಳುತ್ತೇನೆ, ಒಂದು ಗೇಣು ಮೇಲೆ ಬರುತ್ತೆ.


ತುಮಕೂರು_ಪ್ಯಾಸೆಂಜರ್ | ಮಂಗಳವಾರ, ರಾತ್ರಿ 9:15

ಇಷ್ಟು ಕಳಕಳಿಯಿಂದ ಬರೆಯುತ್ತಿದ್ದೀರಿ, ಎಲ್ಲರಿಗೂ ಕೃತಜ್ಞತೆ. ಗರಿಯನ್ನು ಮೇಲೆ, ವರ್ಡನ್ನು ಕೆಳಗೆ ಇಟ್ಟು ಇವತ್ತು ಹಳೆಯ 15.6ರಲ್ಲೇ ಮಾಡಿ ನೋಡಿದೆ. ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೋ! ಕಣ್ಣು ಎಡದಿಂದ ಬಲಕ್ಕೆ ಓಡಿ ತಿರುಗಿ ಬರಬೇಕಿಲ್ಲ, ಮೇಲಿನ ಸಾಲು ನೋಡಿ ಕೆಳಗೆ ಬರೆಯುವುದು. ಸಂಜೆಯ ರೈಲಿನಲ್ಲಿ ಎರಡು ಗರಿ ಮುಗಿಯಿತು. ದಿನಾ ಒಂದಾಗುವುದೇ ಕಷ್ಟವಿತ್ತು.

11.6 ಕೈಬಿಟ್ಟೆ. ಈಗ 13.3 ಮತ್ತು 14, ಎರಡೂ 16:10. ಒಂದು ಸಾಲಿನ ವ್ಯತ್ಯಾಸಕ್ಕೆ ತೂಕ ಎಷ್ಟು ಜಾಸ್ತಿ ಹೊರಬೇಕು?


ಅಕ್ಷರಜೋಡಣೆ | ಬುಧವಾರ, ಬೆಳಿಗ್ಗೆ 7:10

ಇದನ್ನು ನಾವು ಹೇಳುವುದಲ್ಲ, ನಿಮ್ಮ ಮೈಯೇ ಹೇಳಬೇಕು. ಪುಸ್ತಕದ ಗಾತ್ರ ಗೊತ್ತುಮಾಡುವಾಗ ನಾವು ಮೊದಲು ಖಾಲಿ ಹಾಳೆಯಲ್ಲಿ ಡಮ್ಮಿ ಕಟ್ಟುತ್ತೇವೆ. ಲೇಖಕರ ಕೈಗೆ ಕೊಟ್ಟು ಎರಡು ದಿನ ಇಟ್ಟುಕೊಳ್ಳಿ ಅನ್ನುತ್ತೇವೆ. ನೀವೂ ಹಾಗೇ ಮಾಡಿ. ದಪ್ಪ ರಟ್ಟು ತಗೊಂಡು ಎರಡು ತುಂಡು ಕತ್ತರಿಸಿ. ಲ್ಯಾಪ್‌ಟಾಪಿನ ವಿವರದಲ್ಲಿ ಮೈಯಳತೆ ಮಿಲಿಮೀಟರಿನಲ್ಲಿ ಕೊಟ್ಟಿರುತ್ತಾರೆ, ಅದೇ ಅಳತೆಗೆ. ತೂಕಕ್ಕೆ ಅಕ್ಕಿ ತುಂಬಿದ ಚೀಲ ಅಂಟಿಸಿ, ಒಂದಕ್ಕೆ 1.2 ಕಿಲೋ, ಇನ್ನೊಂದಕ್ಕೆ 1.4. ಎರಡು ದಿನ ಒಂದು, ಎರಡು ದಿನ ಇನ್ನೊಂದು, ಬ್ಯಾಗಲ್ಲಿ ಹಾಕಿಕೊಂಡು ಓಡಾಡಿ. ತೊಡೆ ಮೇಲೆ ಇಟ್ಟು ಅಕ್ಕಪಕ್ಕದವರಿಗೆ ಮೊಣಕೈ ತಾಗುತ್ತಾ ನೋಡಿ.


ಶಿರಸಿ_ವರದಿ | ಬುಧವಾರ, ಬೆಳಿಗ್ಗೆ 9:30

ರಟ್ಟಿನ ಉಪಾಯ ಬಹಳ ಚೆನ್ನಾಗಿದೆ. ಮೇಡಂ, ಚಾರ್ಜರನ್ನೂ ತೂಕಕ್ಕೆ ಸೇರಿಸಿಕೊಳ್ಳಿ. ಯುಎಸ್‌ಬಿ-ಸಿಯಲ್ಲಿ ಚಾರ್ಜ್ ಆಗೋದನ್ನು ತಗೊಂಡ್ರೆ ಫೋನಿಗೂ ಲ್ಯಾಪ್‌ಟಾಪಿಗೂ ಒಂದೇ 65 ವ್ಯಾಟಿನ ಅಂಗೈಯಗಲದ ಚಾರ್ಜರ್ ಸಾಕು. ನಿಮ್ಮ ಅರ್ಧ ಕಿಲೋ ಇಟ್ಟಿಗೆ ಅಲ್ಲೇ ಇಳಿಯುತ್ತೆ. ನಮ್ಮ ಕಡೆ ಮಳೆಗಾಲದಲ್ಲಿ ಮೂರು ಮೂರು ದಿನ ಕರೆಂಟ್ ಇರೋದಿಲ್ಲ, ನಾನು ಪವರ್ ಬ್ಯಾಂಕಿನಲ್ಲೇ ನಡೆಸ್ತೇನೆ. 20,000 ಎಂಎಎಚ್ ಅಂದರೆ ಒಳಗಿರೋದು 74 ವ್ಯಾಟ್-ಅವರ್. ವೋಲ್ಟೇಜ್ ಏರಿಸುವಾಗ ಸೋರಿಹೋಗಿ ಲ್ಯಾಪ್‌ಟಾಪಿಗೆ ಸೇರೋದು ಅಂದಾಜು ಮೂರರಲ್ಲಿ ಎರಡು ಪಾಲು. ಚಿಕ್ಕ ಲ್ಯಾಪ್‌ಟಾಪಿಗೆ ಅದು ಒಂದು ಪೂರ್ತಿ ಚಾರ್ಜ್. ಆದರೆ ಪವರ್ ಬ್ಯಾಂಕಿನ ಮೇಲೆ 45 ಇಲ್ಲವೇ 65 ವ್ಯಾಟ್ ಅಂತ ಬರೆದಿರಬೇಕು, ಫೋನಿನದ್ದು ಆಗೋದಿಲ್ಲ.


ಕೊಡಗಿನ_ಮೇಷ್ಟ್ರು | ಬುಧವಾರ, ಮಧ್ಯಾಹ್ನ 2:00

ಪಾಠ ಮಾಡುವವರಿಗೆ ಇನ್ನೊಂದು ವಿಷಯ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಕಿಂಡಿ (ಪ್ರೊಜೆಕ್ಟರಿಗೆ ಚಿತ್ರ ಕಳಿಸುವುದು) ಇದೆಯೇ, ನಿಮ್ಮ ಕಾಲೇಜಿನ ಪ್ರೊಜೆಕ್ಟರಿಗೆ ಯಾವ ಕೇಬಲ್ಲು ಅಂತ ನೋಡಿಯೇ ಕೊಳ್ಳಿ. ನಮ್ಮ ಶಾಲೆಯ ಪ್ರೊಜೆಕ್ಟರಿಗೆ ಇನ್ನೂ ಹಳೆಯ ನೀಲಿ ವಿಜಿಎ ಕೇಬಲ್ಲು. ನಾನು ಬರೀ ಯುಎಸ್‌ಬಿ-ಸಿ ಇರುವುದನ್ನು ತಗೊಂಡು ಮೊದಲ ದಿನವೇ ಮಕ್ಕಳ ಮುಂದೆ ಸುಮ್ಮನೆ ನಿಂತಿದ್ದೆ. ಆಮೇಲೆ ಅಡಾಪ್ಟರ್ ತರಿಸಿದೆ. ಅದೂ ಬ್ಯಾಗಲ್ಲಿ ಇನ್ನೊಂದು ಹೊರೆ, ಮರೆತರೆ ಪಾಠ ನಿಂತಿತು.

ಹಾಗೇ ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಒಂದು ಹಳೆಯ ಮಾನಿಟರ್ ಇಟ್ಟುಕೊಳ್ಳಿ ಮೇಡಂ. ಆಗ ಹೊರುವುದು ಚಿಕ್ಕದಾದರೂ ಚಿಂತೆಯಿಲ್ಲ.


ತುಮಕೂರು_ಪ್ಯಾಸೆಂಜರ್ | ಬುಧವಾರ, ಸಂಜೆ 7:20

ಮೇಷ್ಟ್ರೇ, ಹಳೇ 15.6 ಲ್ಯಾಪ್‌ಟಾಪನ್ನೇ ಮಾನಿಟರ್ ಮಾಡಿಕೊಳ್ಳಬಹುದಾ? ಅದರಲ್ಲಿ ಎಚ್‌ಡಿಎಂಐ ಇದೆ.


ಎಸ್‌ಪಿ_ರೋಡ್ | ಬುಧವಾರ, ರಾತ್ರಿ 8:40

ಕೇಬಲ್ ಹಾಕಿ ಆಗಲ್ಲ ಅಕ್ಕಾ. ಲ್ಯಾಪ್‌ಟಾಪಿನ ಎಚ್‌ಡಿಎಂಐ ಚಿತ್ರ ಹೊರಗೆ ಕಳಿಸೋಕೆ ಮಾತ್ರ, ಒಳಗೆ ತಗೊಳ್ಳಲ್ಲ. ವೈಫೈ ಮೇಲೆ ಒಂದರ ಪರದೆ ಇನ್ನೊಂದಕ್ಕೆ ಕಳಿಸೋ ವ್ಯವಸ್ಥೆ ವಿಂಡೋಸ್‌ನಲ್ಲೇ ಇದೆ, 'ಈ ಪಿಸಿಗೆ ಪ್ರೊಜೆಕ್ಟ್ ಮಾಡು' ಅನ್ನೋ ಸೆಟ್ಟಿಂಗ್. ಸ್ವಲ್ಪ ತಡವರಿಸುತ್ತೆ, ಆದ್ರೆ ಗರಿಯ ಚಿತ್ರ ಸುಮ್ಮನೆ ನಿಲ್ಲಿಸಿ ನೋಡೋಕೆ ಸಾಕು. ದುಡ್ಡು ಖರ್ಚಿಲ್ಲ, ಮೊದಲು ಅದು ಮಾಡಿ ನೋಡಿ.


ತುಮಕೂರು_ಪ್ಯಾಸೆಂಜರ್ | ಮುಂದಿನ ಮಂಗಳವಾರ, ರಾತ್ರಿ 9:50

ರಟ್ಟಿನ ವರದಿ ಕೊಡುತ್ತಿದ್ದೇನೆ. ಮಗಳು ಕತ್ತರಿಸಿಕೊಟ್ಟಳು, ಮೇಲೆ ಸ್ಕೆಚ್ ಪೆನ್ನಿನಲ್ಲಿ ಕೀಲಿಮಣೆಯನ್ನೂ ಬರೆದಳು.

ಗುರುವಾರ, ಶುಕ್ರವಾರ 14ರ ರಟ್ಟು. ಶನಿವಾರ, ಸೋಮವಾರ 13.3ರದು. ಸೀಟಿನಲ್ಲಿ ಮೂವರು ಕೂರುವ ಕಡೆ ನಾವು ನಾಲ್ವರು ಕೂರುತ್ತೇವೆ. ಮೊಣಕೈ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ, ಕೀಲಿಮಣೆಯ ಅಗಲ ಒಂದೇ ಆದ್ದರಿಂದ ಕೈ ಇಡುವ ಜಾಗವೂ ಒಂದೇ. ವ್ಯತ್ಯಾಸ ಗೊತ್ತಾದದ್ದು ಎರಡು ಕಡೆ. ಒಂದು, ಚಿಕ್ಕಬಾಣಾವರದಲ್ಲಿ ಜನ ನುಗ್ಗಿದಾಗ ಲ್ಯಾಪ್‌ಟಾಪ್ ಎದೆಗೆ ಅವಚಿಕೊಂಡು ನಿಲ್ಲಬೇಕಾಗುತ್ತೆ. 13.3 ನನ್ನ ತೋಳಿನೊಳಗೆ ಪೂರ್ತಿ ಸೇರಿಕೊಳ್ಳುತ್ತೆ, 14ರ ಮೂಲೆ ಹೊರಗೆ ಚಾಚುತ್ತೆ, ಯಾರಾದರೂ ಗುದ್ದುತ್ತಾರೆ. ಇನ್ನೊಂದು, ನನ್ನ ಈಗಿನ ಹೆಗಲ ಚೀಲಕ್ಕೆ 13.3 ಅಡ್ಡಲಾಗಿ ಇಳಿಯುತ್ತೆ. 14ಕ್ಕೆ ಹೊಸ ಬ್ಯಾಗ್ ಬೇಕು, ಆ ಬ್ಯಾಗೇ ಮುಕ್ಕಾಲು ಕಿಲೋ.

ಹೆಗಲಿಗೆ 200 ಗ್ರಾಮಿನ ವ್ಯತ್ಯಾಸ ಬೆಳಿಗ್ಗೆ ತಿಳಿಯಲಿಲ್ಲ. ಸಂಜೆ ತುಮಕೂರಿನಲ್ಲಿ ಇಳಿದು ಮೇಲ್ಸೇತುವೆ ಹತ್ತುವಾಗ ತಿಳಿಯಿತು.


ಧಾರವಾಡ_ಪೇಢೆ | ಮುಂದಿನ ಮಂಗಳವಾರ, ರಾತ್ರಿ 10:20

ಮೇಡಂ, ನಿಮಗ 13.3 ಸರಿ ಅಂತ ನಾನೂ ಒಪ್ತೀನಿ. ಆದ್ರ ಇದನ್ನ ಓದೋ ಬ್ಯಾರೆದವರಿಗೆ ಒಂದು ಮಾತು: ವಾರಕ್ಕೊಮ್ಮೆ ಹೊರಗ ಹೋಗೋರು, ಮನ್ಯಾಗ ಮಾನಿಟರ್ ಇಲ್ಲದೋರು, ದಿನಕ್ಕ ಎಂಟು ತಾಸು ಅದರ ಮುಂದೇ ಕೂಡ್ರೋರು 14 ಬಿಡಬ್ಯಾಡ್ರಿ. ಈ ಮಾತಿನ ಮ್ಯಾಲೆ ನಾನು ಇನ್ನೂ ನಿಂತೀನಿ.


ತುಮಕೂರು_ಪ್ಯಾಸೆಂಜರ್ | ಎರಡು ವಾರದ ನಂತರ, ಗುರುವಾರ, ಬೆಳಿಗ್ಗೆ 8:30

ಕೊಂಡೆ. ಎಸ್‌ಪಿ ರೋಡಿನಲ್ಲಿ, ಆಫೀಸಿನಿಂದ ಬಂದ ಮೂರು ವರ್ಷ ಹಳೆಯದು. 13.3 ಇಂಚು, 1920 x 1200, 16 ಜಿಬಿ, ಎಚ್‌ಡಿಎಂಐ ಇದೆ. ಬಜೆಟ್‌ನಲ್ಲಿ ಸಾಕಷ್ಟು ಉಳಿಯಿತು. ಬ್ಯಾಟರಿ ರಿಪೋರ್ಟ್ ತೆಗೆಸಿದೆ: ಹೊಸದಿದ್ದಾಗ 41 ವ್ಯಾಟ್-ಅವರ್, ಈಗ 33. ಎಂಬತ್ತು ಪ್ರತಿಶತ. ಹೋಗಿ ಬರುವ ಮೂರು ಗಂಟೆ ಮುಗಿದ ಮೇಲೂ ಕಾಲು ಭಾಗ ಉಳಿಯುತ್ತಿದೆ. ಚಾರ್ಜರ್ ಕಾಲೇಜಿನ ಡ್ರಾಯರಿನಲ್ಲೇ ಬಿಟ್ಟಿದ್ದೇನೆ, ಹೊರುವುದೇ ಇಲ್ಲ.

ಅಂಗಡಿಯಲ್ಲಿ ಎರಡೂ ಶಿಫ್ಟ್ ಒತ್ತಿ ನೋಡಿದೆ, ಮುಚ್ಚಳ ಅರ್ಧಕ್ಕೆ ಬಿಟ್ಟು ನೋಡಿದೆ. ಮಾರುವ ಹುಡುಗ ಆಶ್ಚರ್ಯದಿಂದ ನೋಡುತ್ತಿದ್ದ. ಮೊದಲು ತೋರಿಸಿದ್ದರ ಹಿಂಜ್ ಕುಸಿಯಿತು, ಎರಡನೆಯದನ್ನು ತಗೊಂಡೆ.

ಚಾಳೀಸಿನ ಸರ್, ನೀವು ಹೇಳಿದ್ದು ನಿಜವಾಯಿತು. ನೂರೈವತ್ತು ಪ್ರತಿಶತಕ್ಕೆ ಏರಿಸಿದೆ, ಮೆನು ಪಟ್ಟಿ ದಪ್ಪಗಾಗಿ 12 ಸಾಲಿನ ಬದಲು 10 ಸಿಗುತ್ತಿದೆ. ವರ್ಡಿನ ಮೇಲಿನ ಪಟ್ಟಿ ಮಡಚುವುದು ಕಲಿತ ಮೇಲೆ 11 ಆಯಿತು.


ಅಕ್ಷರಜೋಡಣೆ | ಗುರುವಾರ, ಬೆಳಿಗ್ಗೆ 9:05

ಟಾಸ್ಕ್‌ಬಾರನ್ನು ತಾನಾಗಿ ಅಡಗುವ ಹಾಗೆ ಮಾಡಿ ಮೇಡಂ. ಹನ್ನೆರಡನೆಯ ಸಾಲು ಅಲ್ಲಿದೆ.


ತುಮಕೂರು_ಪ್ಯಾಸೆಂಜರ್ | ಗುರುವಾರ, ಸಂಜೆ 6:40

ಸಿಕ್ಕಿತು ಸರ್. ಈಗ ನಿಡವಂದದಲ್ಲಿದ್ದೇನೆ, ನಲವತ್ತೊಂದನೆಯ ಗರಿ, ಹಿಂಬದಿ.